ಗಂಡು ಬೆಕ್ಕು ಉಚ್ಚೆ ಹೊಯ್ಯದಿದ್ದರೆ ಕಾಯಬೇಡಿ

ಸಂಪಾದಕರೇ,

ಹೋದ ವಾರ ನಮ್ಮ ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಿತ್ತು, ಒಂದು ಹನಿಯೂ ಬರುತ್ತಿರಲಿಲ್ಲ, ನಾವು ಮಲಬದ್ಧತೆ ಇರಬೇಕು ಅಂದುಕೊಂಡು ಸುಮ್ನೆ ಒಂದು ದಿನ ಕಳೆದೆವು. ನೋಡಿದರೆ ಮೂತ್ರನಾಳ ಕಟ್ಟಿತ್ತು. ಹೀಗಾದರೆ ಮೂತ್ರಪಿಂಡ ಕೆಟ್ಟು, ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ರಾತ್ರಿ ತುಮಕೂರಲ್ಲಿ ನಾವು ಮಾಡಿದ ಫೋನ್ ಯಾರೂ ಎತ್ತಲಿಲ್ಲ. ಬೆಂಗಳೂರಿಗೆ 70 ಕಿಲೋಮೀಟರ್ ಓಡಿದೆವು. ಬದುಕಿತು, ಪುಣ್ಯ.

ನಾಯಿಯ ಹೊಟ್ಟೆ ಊದಿಕೊಂಡು, ವಾಂತಿಗೆ ಒತ್ತರಿಸಿಯೂ ಏನೂ ಬರದಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ. ಒಸಡು ಬಿಳಚಿದರೆ, ಉಸಿರಿಗೆ ಒದ್ದಾಡಿದರೆ, ಫಿಟ್ಸ್ ನಿಲ್ಲದಿದ್ದರೂ ಅಷ್ಟೇ. ಒಂದು ಸಲ ವಾಂತಿ ಮಾಡಿ ಆಮೇಲೆ ಆಡಿಕೊಂಡಿದ್ದರೆ ಅದು ಬೇರೆ ಮಾತು. ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅರ್ಧ ಮಾತ್ರೆಯೂ ಕೊಲ್ಲಬಹುದು.

ದನಕರುಗಳಿಗೆ 1962 ನಂಬರಿಗೆ ಫೋನ್ ಮಾಡಿದರೆ ಬರುವ ಪಶು ಚಿಕಿತ್ಸೆಯ ಗಾಡಿ ಇದೆ, ಒಳ್ಳೆಯದೇ. ಆದರೆ ಇಷ್ಟು ದೊಡ್ಡ ಊರಲ್ಲಿ ರಾತ್ರಿ ಪಾಳಿಯಲ್ಲಿ ನಾಯಿ, ಬೆಕ್ಕು ನೋಡಲು ಒಬ್ಬ ಡಾಕ್ಟರಾದರೂ ಬೇಕಲ್ವಾ?

ಇಂತಿ,
ಒಬ್ಬ ಓದುಗ, ಶಿರಾಗೇಟ್, ತುಮಕೂರು