ಸೆಪ್ಟೆಂಬರ್ ಕೀನೋಟ್‌ಗೆ ಮುನ್ನ ಊಹೆ ಬರೆಯುವವರಿಗೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಆಪಲ್ ಕಂಪನಿ ಹೊಸ ಐಫೋನ್‌ಗಳನ್ನು ಘೋಷಿಸುವ ಸೆಪ್ಟೆಂಬರ್ ಕಾರ್ಯಕ್ರಮ (ಕೀನೋಟ್) ಸಮೀಪಿಸುತ್ತಿದ್ದಂತೆ, ಸರಿಯಾದ ಊಹೆಗೆ ಅಂಕ ಕೊಡುವ ನಮ್ಮ ಆಟಕ್ಕೆ ಊಹೆಗಳ ಸಂದೇಶಗಳು ಹೆಚ್ಚುತ್ತಿವೆ. ಊಹಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಪ್ರತಿ ಊಹೆಯ ಜೊತೆ ಅದರ ಆಧಾರವೇನೆಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಆಧಾರಗಳೆಲ್ಲ ಒಂದೇ ತೂಕದವಲ್ಲ. 2023ರಲ್ಲಿ ಐಫೋನ್ 15ಕ್ಕೆ ಯುಎಸ್‌ಬಿ-ಸಿ ಚಾರ್ಜಿಂಗ್ ಪೋರ್ಟ್ ಬರುತ್ತದೆಂಬ ಮಾತಿಗೆ ಬಲವಿತ್ತು, ಏಕೆಂದರೆ ಐರೋಪ್ಯ ಒಕ್ಕೂಟವು 2022ರಲ್ಲೇ ಒಪ್ಪಿದ್ದ, ಫೋನ್‌ಗಳಿಗೆ ಆ ಪೋರ್ಟನ್ನೇ ಕಡ್ಡಾಯ ಮಾಡುವ ಏಕರೂಪ ಚಾರ್ಜರ್ ಕಾನೂನು 2024ರ ಕೊನೆಯಿಂದ ಜಾರಿಗೆ ಬರಲಿತ್ತು. ಇದಕ್ಕೆ ವಿರುದ್ಧವಾಗಿ, 2021ರಲ್ಲಿ ಆಪಲ್ ವಾಚ್ ಸೀರೀಸ್ 7ರ ಅಂಚುಗಳು ಚಪ್ಪಟೆಯಾಗಿರುತ್ತವೆಂದು ತೋರಿಸುವ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಕೊನೆಗೆ ಬಂದದ್ದು ದುಂಡಂಚಿನ ವಾಚೇ. ಚಿತ್ರ ಚೆನ್ನಾಗಿದ್ದಷ್ಟೂ ಅನುಮಾನ ಹೆಚ್ಚಿರಲಿ. ಅದೇ ವರ್ಷ ಐಫೋನ್ 13ಕ್ಕೆ ಬರುವುದೆಂದು ಹೇಳಲಾಗಿದ್ದ ಉಪಗ್ರಹ ಸಂಪರ್ಕ ಮರುವರ್ಷ ಐಫೋನ್ 14ರಲ್ಲಿ ಬಂತು. ಇಂಥ ಊಹೆಗೆ ಅರ್ಧ ಅಂಕ ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಘೋಷಣೆಯಾದರೆ ಸಾಕು, ಅಂಕ ಸಿಗುತ್ತದೆ. ವಸ್ತು ಮಾರುಕಟ್ಟೆಗೆ ಬರುವವರೆಗೆ ಕಾಯುವುದಿಲ್ಲ. 2017ರಲ್ಲಿ ವೇದಿಕೆಯ ಮೇಲೆ ತೋರಿಸಿದ ಏರ್‌ಪವರ್ ಚಾರ್ಜಿಂಗ್ ಮ್ಯಾಟ್ ಅನ್ನು 2019ರ ಮಾರ್ಚ್‌ನಲ್ಲಿ ಕೈಬಿಟ್ಟದ್ದು ನೆನಪಿರಬಹುದು.

ಬೆಲೆ ಊಹಿಸುವವರು ಡಾಲರನ್ನು ನೇರವಾಗಿ ರೂಪಾಯಿಗೆ ಪರಿವರ್ತಿಸಬಾರದು. ಅಮೆರಿಕದಲ್ಲಿ ಘೋಷಿಸುವ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ನಮ್ಮ ಬೆಲೆಯಲ್ಲಿ ಶೇ 18ರ ಜಿಎಸ್‌ಟಿ ಸೇರಿರುತ್ತದೆ.

ಕಾರ್ಯಕ್ರಮ ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ಬೆಳಗ್ಗೆ 10ಕ್ಕೆ, ಅಂದರೆ ನಮ್ಮಲ್ಲಿ ರಾತ್ರಿ 10.30ಕ್ಕೆ ಆರಂಭವಾಗುತ್ತದೆ. ಆದ್ದರಿಂದ ಆ ದಿನ ರಾತ್ರಿ 10ರೊಳಗೆ ಎಲ್ಲ ಊಹೆಗಳನ್ನೂ ಒಂದೇ ಸಂದೇಶದಲ್ಲಿ ಕಳುಹಿಸಿ. ಆಮೇಲೆ ತಿದ್ದಿದ ಸಂದೇಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.