ಶಾಸಕರೇ, ಕವಿಗಳ ಕೈಗೆ ಮೈಕು ಬರೋ ಹೊತ್ತಿಗೆ ಶಾಮಿಯಾನ ಖಾಲಿ ಆಗಿರತ್ತೆ

ನಮ್ಮ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ಸಾರ್, ನವೆಂಬರ್ 1 ಹತ್ರ ಬಂತು, ರಾಜ್ಯೋತ್ಸವದ ಇನ್ವಿಟೇಶನ್ ಪ್ರಿಂಟಿಗೆ ಹೋಗೋ ಮೊದ್ಲೇ ಹೇಳಿಬಿಡೋಣ ಅಂತ ಬರೀತಿದೀನಿ. ಪ್ರತಿ ಸಲ ಅದ್ರಲ್ಲಿ 'ಸ್ಥಳೀಯ ಕವಿಗಳಿಂದ ಕವಿಗೋಷ್ಠಿ' ಅಂತ ಇರತ್ತೆ, ಗಣ್ಯರ ಹೆಸ್ರೆಲ್ಲ ದಪ್ಪಕ್ಷರದಲ್ಲಿ, ಕವಿಗಳದ್ದು ಕೊನೇ ಪುಟದಲ್ಲಿ ಇರುವೆ ಸಾಲಿನ ಥರ. ಟೈಮು ಹನ್ನೊಂದು ಗಂಟೆ ಅಂತ ಹಾಕಿರ್ತಾರೆ, ಆದ್ರೆ ಉದ್ಘಾಟನೆ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿ, ಅಧ್ಯಕ್ಷರ ಮಾತು, ಸನ್ಮಾನ, ಹಾರ ತುರಾಯಿ, ಫೋಟೋ ಎಲ್ಲ ಮುಗ್ದು ಮೊದಲ್ನೇ ಕವಿ ಎದ್ದು ನಿಲ್ಲೋ ಹೊತ್ತಿಗೆ ಊಟಕ್ಕೆ ಎಲೆ ಹಾಕಿರ್ತಾರೆ, ನಿರೂಪಕರು ಬೇರೆ 'ಒಂದೇ ಕವನ, ಎರಡೇ ನಿಮಿಷ' ಅಂತ ಚೀಟಿ ಕಳಿಸ್ತಾರೆ. ಆಮೇಲೆ ಕೂತಿರೋರು ಯಾರು ಹೇಳಿ, ತಮ್ಮ ಸರದಿಗೆ ಕಾಯ್ತಿರೋ ಕವಿಗಳು ಮತ್ತೆ ಶಾಮಿಯಾನ ಬಿಚ್ಚೋಕೆ ಬಂದೋರು. ಆ ಕವಿಗಳಲ್ಲೂ ಅರ್ಧ ಜನ ತಮ್ದು ಓದಿ ಸರ್ಟಿಫಿಕೇಟ್ ಇಸ್ಕೊಂಡು ಬಸ್ ಹತ್ತಿಬಿಡ್ತಾರೆ, ಅದನ್ನೂ ಮುಚ್ಚಿಡಲ್ಲ.

ಕವನ ಚೆನ್ನಾಗಿರಲ್ಲ, ಅದಕ್ಕೇ ಜನ ಕೂರಲ್ಲ ಅಂತೀರೇನೋ. ಕೆಲವು ನಿಜವಾಗ್ಲೂ ಚೆನ್ನಾಗಿರಲ್ಲ ಬಿಡಿ, 'ತಾಯಿ ಭುವನೇಶ್ವರಿ' ಅಂತ ಶುರುವಾದ್ರೆ ಕೊನೇ ಸಾಲು ಏನಂತ ನಂಗೆ ಮೊದ್ಲೇ ಗೊತ್ತಾಗತ್ತೆ. ಆದ್ರೆ ಗಮಕಿ ಕೂತು ಕುಮಾರವ್ಯಾಸ ವಾಚಿಸಿದ್ರೆ ಅಕ್ಷರ ಬರದೋರೂ ಕೇಳ್ತಿದ್ದ ನಾಡು ಇದು, ಕೇಳೋರಿಗೇನೂ ಬರ ಇಲ್ಲ. ಮಡಿಕೇರಿ ದಸರಾದಲ್ಲಿ ಬಹುಭಾಷಾ ಕವಿಗೋಷ್ಠಿ ಅಂತಾನೇ ಮಾಡ್ತಾರೆ, ಕನ್ನಡದ ಜೊತೆ ಕೊಡವ, ಅರೆಭಾಷೆ, ತುಳು, ಬ್ಯಾರಿ ಎಲ್ಲಾ ಒಂದೇ ವೇದಿಕೇಲಿ. ನಮ್ಮ ತಾಲೂಕಲ್ಲೂ ಮನೇಲಿ ಲಂಬಾಣಿ, ತೆಲುಗು, ಉರ್ದು ಮಾತಾಡೋ ಹುಡುಗ ಹುಡುಗೀರು ಬರೀತಿದಾರೆ, ಅವ್ರ ಹೆಸ್ರನ್ನ ಇಲ್ಲೀತನಕ ಯಾವ ಇನ್ವಿಟೇಶನ್ನಲ್ಲೂ ನಾನು ನೋಡಿಲ್ಲ.

ನಾನು ಕೇಳೋದು ದೊಡ್ಡ ವೇದಿಕೆ ಅಲ್ಲ. ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಅಂತ 1965ರದ್ದು ಒಂದಿದೆಯಲ್ಲ, ಅದ್ರ ಪ್ರಕಾರ ಮನೆ ಕಂದಾಯದ ಜೊತೆ 6 ಪರ್ಸೆಂಟ್ ಲೈಬ್ರರಿ ಸೆಸ್ ನಮ್ಮ ಹತ್ರಾನೇ ವಸೂಲಿ ಮಾಡ್ತೀರ. ಆ ಲೈಬ್ರರಿಲಿ ಪೇಪರ್ ಓದೋ ಹಾಲು ತಿಂಗಳಿಗೊಂದು ಶನಿವಾರ ಸಂಜೆ ಎರಡು ಗಂಟೆ ಹೊತ್ತು ನಮಗೆ ಬಿಟ್ಕೊಡ್ಸಿ ಸಾಕು. ಶಾಲು ಬೇಡ, ಹಾರ ಬೇಡ, ಸ್ಟೇಜೂ ಬೇಡ. ಒಬ್ಬೊಬ್ರು ಹತ್ತು ನಿಮಿಷ ನೆಮ್ಮದಿಯಾಗಿ ಓದ್ಲಿ, ಯಾರಾದ್ರೂ 'ಆ ಎರಡ್ನೇದು ಇನ್ನೊಂದ್ಸಲ' ಅಂದ್ರೆ ಮತ್ತೆ ಓದೋಕೆ ಟೈಮಿರ್ಲಿ, ಹಳ್ಳಿಯಿಂದ ಬರೋರಿಗೆ ಬಸ್ ಚಾರ್ಜು ಕೊಡ್ಸಿ. ನೀವೂ ಬನ್ನಿ, ಆದ್ರೆ ಭಾಷಣಕ್ಕಲ್ಲ, ಕೇಳೋಕೆ. ಗನ್‌ಮ್ಯಾನ್ ಹೊರಗೇ ಟೀ ಕುಡೀತಿರ್ಲಿ.

ರಾಜ್ಯೋತ್ಸವದ ದಿನ ಮಾತ್ರ ಒಂದು ಸಣ್ಣ ಬದಲಾವಣೆ ಮಾಡ್ಸಿ, ಕವಿಗೋಷ್ಠಿ ಮೊದ್ಲು, ಭಾಷಣ ಆಮೇಲೆ. ನೀವಿರೋ ತನಕ ಜನ ಹೇಗೂ ಏಳಲ್ಲ.

ಲೈಬ್ರರಿ ಬೀಗದ ಕೈ ಸಂಜೆ ಮೇಲೆ ಯಾರ ಹತ್ರ ಇರತ್ತೆ ವಿಚಾರ್ಸಿ ಅವ್ರಿಗೊಂದು ಲೆಟರ್ ಕಳಿಸ್ಬಿಡಿ, ಕುರ್ಚಿ ಹಾಕೋದು ಎತ್ತೋದು ಎಲ್ಲಾ ನಾವೇ ನೋಡ್ಕೋತೀವಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ವೋಟರ್