ತಂತಿ ತೆಗೆಯುವ ಮೊದಲು ನಮ್ಮ ಮಳೆಗಾಲ ನೋಡಿ

ಸಂಪಾದಕರಿಗೆ ನಮಸ್ಕಾರ.

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ ನಮ್ಮ ಮನೆ. ಡಾಂಬರು ರಸ್ತೆಯಿಂದ ಒಳಗೆ, ತೋಟದ ಪಕ್ಕದ ಒಂಟಿಮನೆ. ನಮ್ಮಲ್ಲಿ ಈಗಲೂ ಲ್ಯಾಂಡ್‌ಲೈನ್ ಫೋನ್ ಇದೆ, ದಿನಾ ರಿಂಗ್ ಆಗುತ್ತದೆ. ಹಳೇ ತಾಮ್ರದ ತಂತಿ ತೆಗೆದು ಫೈಬರ್ ಹಾಕುತ್ತಾರೆ, ಬೇಡ ಅಂದವರು ಫೋನ್ ವಾಪಸ್ ಕೊಡಬಹುದು ಅನ್ನುವ ಮಾತು ಈ ಬೇಸಿಗೆಯಲ್ಲಿ ನಮ್ಮ ಕಡೆ ಮನೆಮನೆಗೂ ಬಂದಿದೆ. "ಮೊಬೈಲ್ ಇದೆಯಲ್ಲ, ಸುಮ್ನೆ ಇದಕ್ಕೆ ಯಾಕೆ ದುಡ್ಡು ಕಟ್ಟೋದು" ಅಂತ ಅಕ್ಕಪಕ್ಕದ ಹಲವರು ಕೊಟ್ಟೂ ಬಿಟ್ಟರು. ನಾನು ಕೊಟ್ಟಿಲ್ಲ. ಕೊಡುವುದೂ ಇಲ್ಲ.

ನಮ್ಮ ಮಳೆ ನೋಡದವರಿಗೆ ಇದು ಹಟ ಅನ್ನಿಸಬಹುದು. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಸಾಲಿನಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಹೊಸದೇನಲ್ಲ. ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಬಿಡುವಿಲ್ಲ. ಗಾಳಿಗೆ ಮರ ಬೀಳುತ್ತದೆ, ಕರೆಂಟ್ ಲೈನ್ ಹರಿಯುತ್ತದೆ. ಕಂಬವೇ ಮುರಿದರೆ ಎರಡು ಮೂರು ದಿನ ಕರೆಂಟ್ ಇಲ್ಲ. ಲೈನ್‌ಮ್ಯಾನ್‌ಗಳನ್ನು ದೂರುವಂತಿಲ್ಲ, ಪಾಪ. ಆ ಮಳೆಯಲ್ಲಿ ಜೀವ ಪಣಕ್ಕಿಟ್ಟು ಕಂಬ ಹತ್ತುತ್ತಾರೆ.

ಕರೆಂಟ್ ಹೋದರೆ ಮೊಬೈಲ್ ಟವರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಆಮೇಲೆ ಜನರೇಟರ್‌ಗೆ ಡೀಸೆಲ್ ಬೇಕು. ರಸ್ತೆಗೆ ಅಡ್ಡ ಮರ ಬಿದ್ದಿರುವಾಗ ಗುಡ್ಡದ ಮೇಲಿನ ಟವರ್‌ಗೆ ಡೀಸೆಲ್ ಹೊತ್ತು ತರುವವರು ಯಾರು? ತುರ್ತು ಕರೆಗೆ 112 ಇದೆ ಅನ್ನುತ್ತಾರೆ. ನಮ್ಮ ಸಿಮ್‌ನ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಸಿಕ್ಕರೆ ಅದು ಹೋಗುತ್ತದೆ, ನಿಜ. ಆದರೆ ಸುತ್ತಲಿನ ಟವರ್‌ಗಳೆಲ್ಲ ಮಲಗಿದ ಮೇಲೆ ಯಾವ ನಂಬರ್ ಒತ್ತಿದರೂ ಅಷ್ಟೇ.

ಲ್ಯಾಂಡ್‌ಲೈನ್ ಹಾಗಲ್ಲ. ಅದಕ್ಕೆ ನಮ್ಮ ಮನೆಯ ಕರೆಂಟೇ ಬೇಡ. ಎಲ್ಲರ ಲೈನೂ ಹೋಗಿ ಸೇರುವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೊಡ್ಡ ದೊಡ್ಡ ಬ್ಯಾಟರಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮಾತು ಬರುವ ಅದೇ ಎರಡು ಎಳೆ ತಾಮ್ರದಲ್ಲಿ ಅಲ್ಲಿಂದ 48 ವೋಲ್ಟ್ ಕರೆಂಟೂ ಬರುತ್ತದೆ. ಆ ಬ್ಯಾಟರಿಯಲ್ಲಿ ಚಾರ್ಜ್ ಇದ್ದು, ನಡುವೆ ತಂತಿ ಹರಿಯದಿದ್ದರೆ ಕತ್ತಲಲ್ಲೂ ರಿಸೀವರ್ ಎತ್ತಿದ ಕೂಡಲೇ ಡಯಲ್ ಟೋನ್ ಕೇಳುತ್ತದೆ. ಎಕ್ಸ್‌ಚೇಂಜ್ ಪೇಟೆಯಲ್ಲಿರುವುದರಿಂದ ಅಲ್ಲಿಗೆ ಕರೆಂಟ್ ನಮಗಿಂತ ಬೇಗ ಬರುತ್ತದೆ. ಆದರೆ ಸಾದಾ ಫೋನೇ ಇರಬೇಕು. ಕಾರ್ಡ್‌ಲೆಸ್ ಇಟ್ಟುಕೊಂಡರೆ ಅದರ ಸ್ಟ್ಯಾಂಡಿಗೆ ಮನೆಯ ಕರೆಂಟ್ ಬೇಕಾಗುತ್ತದೆ.

ಹೋದ ಮಳೆಗಾಲದಲ್ಲಿ ಕೆಳಮನೆಯ ಅಜ್ಜನಿಗೆ ರಾತ್ರಿ ಉಸಿರು ಕಟ್ಟಿತು. ಮಗ ಟಾರ್ಚ್ ಹಿಡಿದು ನಮ್ಮಲ್ಲಿಗೆ ಓಡಿ ಬಂದ. ಅವನ ಮೊಬೈಲ್ ಚಾರ್ಜ್ ಇಲ್ಲದೆ ಆಫ್ ಆಗಿತ್ತು. ಫೋನ್ ಮುಂದೆ ನಿಂತವನಿಗೆ ಯಾರ ನಂಬರೂ ನೆನಪಿಲ್ಲ. ಜೀಪಿನವನದ್ದು ಗೊತ್ತಿಲ್ಲ, ಡಾಕ್ಟರದ್ದು ಗೊತ್ತಿಲ್ಲ, ತೀರ್ಥಹಳ್ಳಿಯಲ್ಲಿರುವ ಸ್ವಂತ ಅಣ್ಣನದ್ದೂ ಗೊತ್ತಿಲ್ಲ. ಎಲ್ಲವೂ ಆ ಸತ್ತ ಮೊಬೈಲಿನೊಳಗೆ ಇತ್ತು. ನಮ್ಮ ಅತ್ತೆ ಫೋನಿನ ಪಕ್ಕದ ಗೋಡೆಗೆ ಒಂದು ರಟ್ಟು ನೇತುಹಾಕಿದ್ದಾರೆ. ಊರಿಗೆ ಬೇಕಾದ ನಂಬರ್‌ಗಳೆಲ್ಲ ಅದರಲ್ಲಿವೆ. ಜೀಪಿನವನು ಅದರಲ್ಲಿ ಸಿಕ್ಕಿದ. ಅವನಿರುವುದು ಪೇಟೆಯಲ್ಲಿ, ಅಲ್ಲಿ ಸಿಗ್ನಲ್ ಇತ್ತು. ಅಜ್ಜ ಈಗ ಚೆನ್ನಾಗಿದ್ದಾರೆ. ಆ ಹುಡುಗನನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಅಪ್ಪ ಅಮ್ಮನ ನಂಬರ್ ಬಾಯಿಪಾಠ ಇದೆ, ಒಮ್ಮೆ ಕೇಳಿ ನೋಡಿ.

ಇನ್ನೊಂದು ವಿಷಯ. ಲ್ಯಾಂಡ್‌ಲೈನ್ ಮನೆಯ ಫೋನ್, ಒಬ್ಬರದ್ದಲ್ಲ. ಬೆಂಗಳೂರಿನಿಂದ ನನ್ನ ಮಗಳು ಮೊಬೈಲಿಗೆ ಮಾಡಿದರೆ ನನ್ನ ಹತ್ತಿರ ಮಾತ್ರ ಮಾತಾಡಿ ಇಡುತ್ತಾಳೆ. ಲ್ಯಾಂಡ್‌ಲೈನಿಗೆ ಮಾಡಿದರೆ ಜಾಸ್ತಿ ಸಲ ಎತ್ತುವುದು ಅತ್ತೆ. ಅಜ್ಜಿ ಮೊಮ್ಮಗಳು ಮಾತಾಡಿ ಮುಗಿಸಿದ ಮೇಲೆಯೇ ನನ್ನ ಸರದಿ. ಯಾವ ಅಡಿಕೆ ಕೊನೆಗೆ (ಗೊನೆಗೆ) ಕೊಳೆ ರೋಗ ಬಂತು, ಯಾವ ದನ ಕರು ಹಾಕಿತು, ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಎಲ್ಲ ಸುದ್ದಿಯೂ ಅವಳಿಗೆ ಅಜ್ಜಿಯ ಬಾಯಿಂದಲೇ. ಅತ್ತೆಗೆ ಎಂಬತ್ತು ದಾಟಿದೆ. ಟಚ್ ಫೋನ್ ಕೊಡಿಸಿ ನೋಡಿದೆವು. ಒಣಗಿದ ಬೆರಳಿಗೆ ಅದು ಸ್ಪಂದಿಸುವುದೇ ಇಲ್ಲ. ಹಳೇ ಫೋನಿನ ಗುಂಡಿ ಮಾತ್ರ ಕತ್ತಲಲ್ಲೂ ಒತ್ತುತ್ತಾರೆ. 2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು ಅನ್ನುವ ನಿಯಮ ಬಂದಾಗ, ಅವರೇ ಕೂತು ರಟ್ಟಿನ ಮೇಲಿನ ಪ್ರತಿ ಮೊಬೈಲ್ ನಂಬರಿನ ಮೊದಲಿಗೆ ಒಂದೊಂದು ಸೊನ್ನೆ ಬರೆದರು.

ಮೊದಲು ಸುತ್ತಲಿನ ಮನೆಗಳಿಗೂ ಇದೇ ಫೋನ್ ಆಧಾರ. ಕರೆ ಬಂದರೆ ತೋಟದ ಆಚೆ ಬದಿಯವರನ್ನು ಕೂ ಹಾಕಿ ಕರೆಯುತ್ತಿದ್ದೆವು. ಅವರು ಗದ್ದೆಯ ಕೆಸರು ಕಾಲಲ್ಲೇ ಬಂದು ಮಾತಾಡಿ, ಕಾಫಿ ಕುಡಿದು ಹೋಗುತ್ತಿದ್ದರು.

ಲ್ಯಾಂಡ್‌ಲೈನ್‌ನಲ್ಲಿ ತೊಂದರೆ ಇರಲಿಲ್ಲವೇ? ಬೇಕಾದಷ್ಟಿತ್ತು. ಸಿಡಿಲಿಗೆ ಫೋನ್ ಸುಟ್ಟು ಹೋದದ್ದಿದೆ. ಈಗಲೂ ಗುಡುಗು ಕೇಳಿದರೆ ಮೊದಲು ವೈರ್ ಕಿತ್ತಿಡುತ್ತೇವೆ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೆ ವಾರಗಟ್ಟಲೆ ಡೆಡ್. ಮೊಬೈಲ್ ಬೇಡ ಅಂತಲೂ ನಾನು ಹೇಳುವುದಿಲ್ಲ. ಕೊಳೆ ಬಂದ ಅಡಿಕೆಯ ಫೋಟೋ ತೆಗೆದು ಕಳಿಸಿ ಔಷಧಿ ಕೇಳುತ್ತೇವೆ, ಅಡಿಕೆ ರೇಟು ನೋಡುತ್ತೇವೆ, ಕೊನೆ ಕೊಯ್ಯುವವರಿಗೆ ಅದರಲ್ಲೇ ದುಡ್ಡು ಹಾಕುತ್ತೇವೆ. ಕೊರೊನಾ ಕಾಲದಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದನ್ನು ಇಡೀ ಮಲೆನಾಡು ನೋಡಿದೆ. ಹಾಗಾಗಿ ಫೈಬರ್ ಬರಲಿ. ಅದು ಬಂದ ಮನೆಯಲ್ಲಿ ಟವರ್ ಸಿಗದಿದ್ದರೂ ವೈಫೈ ಮೂಲಕ ಮೊಬೈಲಿನಿಂದಲೇ ಮಾತಾಡಬಹುದು, ಅದು ದೊಡ್ಡ ಉಪಕಾರ.

ಆದರೆ ಫೈಬರ್ ಒಳಗೆ ಓಡುವುದು ಬೆಳಕು. ತಾಮ್ರದ ಹಾಗೆ ಅದು ಫೋನಿಗೆ ಕರೆಂಟ್ ಹೊತ್ತು ತರುವುದಿಲ್ಲ. ಮನೆಯಲ್ಲಿಡುವ ಪೆಟ್ಟಿಗೆಗೆ ಕರೆಂಟ್ ಬೇಕು, ಅದು ಹೋದರೆ ಫೋನೂ ಹೋಯಿತು. ಮನೆಮನೆಗೆ ಬಂದವರು ಸ್ಪೀಡ್ ಬಗ್ಗೆ, ಸಿನಿಮಾ ಬಗ್ಗೆ ಎಲ್ಲ ಹೇಳಿದರು, ಇದನ್ನು ಹೇಳಲಿಲ್ಲ. ಎಲ್ಲರ ಮನೆಯಲ್ಲೂ ಇನ್ವರ್ಟರ್ ಇರುವುದಿಲ್ಲ, ಇದ್ದರೂ ಮೂರು ದಿನ ಬರುವುದಿಲ್ಲ.

ಬ್ರಿಟನ್‌ನಲ್ಲೂ ಹಳೇ ಲ್ಯಾಂಡ್‌ಲೈನ್ ವ್ಯವಸ್ಥೆ ನಿಲ್ಲಿಸುತ್ತಿದ್ದಾರೆ. 2025ರ ಕೊನೆಗೆ ಮುಗಿಸಬೇಕು ಅಂತಿದ್ದದ್ದನ್ನು 2027ರ ಜನವರಿಗೆ ಮುಂದೂಡಿದರು. ತುರ್ತು ಕರೆಗೆ ಆ ಫೋನನ್ನೇ ನಂಬಿದ ವಯಸ್ಸಾದವರ, ಕಾಯಿಲೆಯವರ ಚಿಂತೆ ಅದಕ್ಕೆ ದೊಡ್ಡ ಕಾರಣ. ಅಂಥವರಿಗೆ ಕರೆಂಟ್ ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಮಾಡುವಂತೆ ಕಂಪನಿಗಳು ವ್ಯವಸ್ಥೆ ಮಾಡಬೇಕು ಅಂತ ಅಲ್ಲಿದೆ. ನಮ್ಮಲ್ಲಿ ಒಂದು ಗಂಟೆ ಎಲ್ಲಿಗೂ ಸಾಲದು. ಆದರೆ ಬದಲಾಯಿಸುವ ಮೊದಲು ಇಂಥವರನ್ನು ನೆನೆಸಿಕೊಂಡರಲ್ಲ, ನಾನು ಕೇಳುವುದೂ ಅಷ್ಟೇ.

ನಮ್ಮ ದೇಶಕ್ಕೂ ಇದು ಗೊತ್ತಿಲ್ಲದ ವಿದ್ಯೆಯಲ್ಲ. 1984ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಟೆಲಿಫೋನ್ ತಂತ್ರಜ್ಞಾನದ ಸಿ-ಡಾಟ್ ಸಂಸ್ಥೆ ಹಳ್ಳಿಗೆಂದೇ 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ಮಾಡಿತು. ಏಸಿ ಕೋಣೆ ಇಲ್ಲದೆ, ಸೆಕೆ ಧೂಳಿನಲ್ಲೂ ಓಡಬೇಕು ಅಂತ ಯೋಚಿಸಿಯೇ ಮಾಡಿದ್ದು. 1986ರಲ್ಲಿ ಅದನ್ನು ಮೊದಲು ಹಾಕಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಆಗ ಹಳ್ಳಿಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡವರು ಈಗ ಮಲೆನಾಡಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದಲ್ವಾ?

ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ಇಷ್ಟು. ಪ್ರತಿ ಊರಲ್ಲಿ ಒಂದು ಜಾಗದಲ್ಲಾದರೂ, ಆರೋಗ್ಯ ಉಪಕೇಂದ್ರವೋ ಶಾಲೆಯೋ ಸೊಸೈಟಿಯೋ, ಮೂರು ದಿನ ಕರೆಂಟ್ ಇಲ್ಲದಿದ್ದರೂ ನಡೆಯುವ ಒಂದು ತಂತಿ ಫೋನ್ ಇರಲಿ. ಸೋಲಾರ್ ಪ್ಯಾನೆಲ್, ಬ್ಯಾಟರಿ ಹಾಕಿದರೆ ಫೈಬರಿನಲ್ಲೂ ಇದು ಆಗುತ್ತದೆ. ಜೀವಕ್ಕೇ ಕುತ್ತು ತರುವ ಜ್ವರ, ಮಂಗನ ಕಾಯಿಲೆ ಕಾಣಿಸುವ ಊರುಗಳೂ ಇವೇ ಅನ್ನುವುದು ನೆನಪಿರಲಿ. ಆ ವ್ಯವಸ್ಥೆ ಆಗುವ ತನಕ ಓಡುತ್ತಿರುವ ತಾಮ್ರದ ಲೈನ್ ಮುಟ್ಟಬೇಡಿ. ನಮ್ಮ ಗ್ರಾಮ ಪಂಚಾಯಿತಿಗೂ ಇದನ್ನೇ ಬರೆದು ಕೊಟ್ಟಿದ್ದೇನೆ.

ಫೋನ್ ವಾಪಸ್ ಕೊಡಲು ಹೊರಟ ಓದುಗರಿಗೂ ಒಂದು ಮಾತು. ಫೈಬರ್ ಹಾಕಲು ಬಂದವರ ಹತ್ತಿರ, ಕರೆಂಟ್ ಹೋದ ಮೇಲೆ ಇದು ಎಷ್ಟು ಹೊತ್ತು ಓಡುತ್ತದೆ ಅಂತ ಕೇಳಿ. ಉತ್ತರವನ್ನು ಬರೆಸಿಕೊಂಡು, ಆಮೇಲೆ ಸಹಿ ಹಾಕಿ.

— ಅಡಿಕೆ ಬೆಳೆಯುವ ಒಬ್ಬ ಗೃಹಿಣಿ, ನಗರ ಹೋಬಳಿ, ಹೊಸನಗರ ತಾಲ್ಲೂಕು